ಶನಿವಾರ, ಭಾನುವಾರ, ಒಂದು ಊರು: ಜರ್ಮನಿಗೆ ಓದಲು ಬಂದ ಹೊಸಬರಿಗೆ

ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ನವೆಂಬರ್ ಹೊತ್ತಿಗೆ ಹೊಸದಾಗಿ ಬಂದ ನಮ್ಮ ಹುಡುಗ ಹುಡುಗಿಯರು ಕೇಳಲು ಶುರು ಮಾಡುತ್ತಾರೆ: "ಅಕ್ಕಾ, ವೀಕೆಂಡ್‌ಗೆ ಕ್ಲಾಸ್‌ನವರ ಜೊತೆ ಎಲ್ಲಾದ್ರೂ ಹೋಗಿ ಬರೋಣ ಅಂತಿದೀವಿ, ಹೇಗೆ ಪ್ಲಾನ್ ಮಾಡೋದು?" ಹೋಗಿ ಬನ್ನಿ, ಖಂಡಿತ ಹೋಗಿ ಬನ್ನಿ. ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುವ ತಿಂಗಳುಗಳಲ್ಲಿ ರೂಮ್‌ನಲ್ಲೇ ಕೂತರೆ ಮನಸ್ಸು ಕುಗ್ಗುತ್ತದೆ. ಆದರೆ ಟಿಕೆಟ್ ಹುಡುಕುವ ಮೊದಲು ಹೋಗುವವರೆಲ್ಲ ಒಂದು ಕಡೆ ಕೂತು ಮಾತಾಡಿಕೊಳ್ಳಿ. ಟ್ರಿಪ್ ಹಾಳಾಗುವುದು ಮಳೆಯಿಂದಲ್ಲ, ಲೇಟಾದ ರೈಲಿನಿಂದಲೂ ಅಲ್ಲ. ಮೊದಲೇ ಬಾಯಿಬಿಟ್ಟು ಹೇಳದೆ ಇದ್ದ ಮಾತುಗಳಿಂದ.

ಅದರಲ್ಲೂ ದುಡ್ಡಿನ ಮಾತು. ವೀಸಾಗಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಟ್ಟ 11,904 ಯೂರೋ ನಿಮ್ಮ ಕೈಗೆ ಬರುವುದು ತಿಂಗಳಿಗೆ 992ರ ಲೆಕ್ಕದಲ್ಲಿ. ಬಾಡಿಗೆ, ಹೆಲ್ತ್ ಇನ್ಶೂರೆನ್ಸ್, ದಿನಸಿ ಎಲ್ಲಾ ಅದರಲ್ಲೇ ಆಗಬೇಕು. ಒಂದೇ ಗುಂಪಿನಲ್ಲಿ ಒಬ್ಬರಿಗೆ ಪಾರ್ಟ್ ಟೈಮ್ ಕೆಲಸ ಸಿಕ್ಕಿರುತ್ತದೆ, ಇನ್ನೊಬ್ಬರ ಮನೆಯಲ್ಲಿ ಸಾಲ ಮಾಡಿ ಕಳಿಸಿರುತ್ತಾರೆ. ಸಾಲ ಇರುವವರು "ನನ್ನ ಕೈಲಿ ಇಷ್ಟು ಆಗಲ್ಲ" ಅಂತ ಎಲ್ಲರ ಮುಂದೆ ಹೇಳುವುದಿಲ್ಲ. ಸುಮ್ನೆ ಬರುತ್ತಾರೆ, ಆಮೇಲೆ ತಿಂಗಳ ಕೊನೆಯಲ್ಲಿ ಒದ್ದಾಡುತ್ತಾರೆ. ಇದಕ್ಕೆ ನಾನು ಹೇಳಿಕೊಡುವ ಉಪಾಯ ಸುಲಭ. ಪ್ಲಾನ್ ಮಾಡುವವರಿಗೆ ಪ್ರತಿಯೊಬ್ಬರೂ ಬೇರೆಯಾಗಿ ಮೆಸೇಜ್ ಮಾಡಿ, ಒಟ್ಟು ಎಷ್ಟು ಖರ್ಚು ಮಾಡಬಹುದು ಅಂತ ತಿಳಿಸಲಿ. ಬಂದ ಲೆಕ್ಕದಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ಎಲ್ಲರ ಬಜೆಟ್. ಯಾರು ಎಷ್ಟು ಹೇಳಿದರು ಅಂತ ಉಳಿದವರಿಗೆ ಗೊತ್ತಾಗಬೇಕಿಲ್ಲ.

ಹೋಟೆಲ್‌ನಲ್ಲಿ ಬಿಲ್ ತರುವಾಗ ವೇಟರ್ "ತ್ಸುಸಾಮೆನ್ ಓಡರ್ ಗೆಟ್ರೆಂಟ್?" ಅನ್ನುತ್ತಾರೆ. ಎಲ್ಲಾ ಒಟ್ಟಿಗೋ, ಬೇರೆ ಬೇರೆಯೋ ಅಂತ. "ಗೆಟ್ರೆಂಟ್" ಅನ್ನಿ. ಯಾರು ಏನು ತಿಂದರೋ ಅವರೇ ಕೊಡುವುದು ಇಲ್ಲಿ ಮಾಮೂಲು, ಯಾರೂ ಜಿಪುಣತನ ಅಂದುಕೊಳ್ಳುವುದಿಲ್ಲ. ಬರೀ ಸೂಪ್ ಕುಡಿದವರು ಬೇರೆಯವರ ಮಾಂಸದ ಊಟಕ್ಕೆ, ಬಿಯರ್‌ಗೆ ಪಾಲು ಹಾಕುವ ಪರಿಸ್ಥಿತಿ ಬರಬಾರದು. ಹಾಸ್ಟೆಲ್‌ನಂಥ ಒಟ್ಟು ಖರ್ಚನ್ನು ಸ್ಪ್ಲಿಟ್‌ವೈಸ್ ಅನ್ನುವ ಖರ್ಚು ಹಂಚುವ ಆ್ಯಪ್‌ನಲ್ಲಿ ಅವತ್ತು ರಾತ್ರಿಯೇ ಬರೆದಿಡಿ.

ಯಾರ ಜೊತೆ ಹೋಗಬೇಕು? ನಾಲ್ಕೈದು ಜನ ಸಾಕು. ಹತ್ತು ಜನ ಆದರೆ ಅರ್ಧ ದಿನ ಒಬ್ಬರಿಗೊಬ್ಬರು ಕಾಯುವುದರಲ್ಲೇ ಹೋಗುತ್ತದೆ. ನಮ್ಮವರಷ್ಟೇ ಹೋದರೆ ಹಾಯಾಗಿರುತ್ತದೆ, ನಿಜ. ಆದರೂ ಕ್ಲಾಸ್‌ನ ಬೇರೆ ದೇಶದವರು ಒಂದಿಬ್ಬರನ್ನು ಕರೆಯಿರಿ. ಎರಡು ದಿನ ಜೊತೆಗೆ ನಡೆದು, ಒಂದೇ ರೂಮ್‌ನಲ್ಲಿ ಮಲಗಿ ಎದ್ದ ಮೇಲೆ ಆಗುವ ಸ್ನೇಹ ಲೆಕ್ಚರ್ ಹಾಲ್‌ನಲ್ಲಿ ಆಗುವುದಿಲ್ಲ. ಕರೆದ ಮೇಲೆ ಅವರನ್ನು ಮರೆಯಬೇಡಿ. ನಾಲ್ಕು ಜನ ಕನ್ನಡದಲ್ಲಿ ಹರಟುತ್ತಾ ಮುಂದೆ ಹೋಗುವುದು, ಐದನೆಯವರು ಫೋನ್ ನೋಡಿಕೊಂಡು ಹಿಂದೆ ಬರುವುದು, ಇದನ್ನು ನಾನು ತುಂಬಾ ಸಲ ನೋಡಿದ್ದೇನೆ. ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಈಗ ರೈಲು. ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸ್ 2023ರ ಮೇ 1ರಂದು 49 ಯೂರೋಗೆ ಶುರುವಾಯಿತು, 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಬಹಳಷ್ಟು ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿಗಳಿಗೆ ಕಡಿಮೆ ದರದಲ್ಲಿ ಸೆಮಿಸ್ಟರ್ ಫೀಸ್ ಜೊತೆಗೇ ಸಿಗುತ್ತದೆ. ದೇಶದ ಎಲ್ಲಾ ರೀಜನಲ್ ರೈಲು, ಮೆಟ್ರೋ, ಟ್ರಾಮ್, ಸಿಟಿ ಬಸ್‌ಗೆ ಇದು ನಡೆಯುತ್ತದೆ. ಐಸಿಇ, ಐಸಿ, ಫ್ಲಿಕ್ಸ್‌ಟ್ರೇನ್‌ನಂಥ ದೂರದ ರೈಲುಗಳಿಗೆ ನಡೆಯುವುದಿಲ್ಲ. ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ರೀಜನಲ್ ರೈಲು ಮಾತ್ರ ತೋರಿಸು ಅಂತ ಆಯ್ಕೆ ಮಾಡಿಕೊಂಡು ಹುಡುಕಿ. ಫೋನ್ ಆಫ್ ಆಗಿ ಟಿಕೆಟ್ ತೋರಿಸಲು ಆಗದಿದ್ದರೆ 60 ಯೂರೋ ದಂಡ ಬೀಳಬಹುದು, ಹಾಗಾಗಿ ಪವರ್ ಬ್ಯಾಂಕ್ ಬೇಕೇ ಬೇಕು. ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ: ಕೆಲವು ರೈಲು ದಾರಿ ಮಧ್ಯೆ ಎರಡಾಗಿ, ಮುಂದಿನ ಭಾಗ ಒಂದು ಊರಿಗೆ, ಹಿಂದಿನ ಭಾಗ ಇನ್ನೊಂದು ಊರಿಗೆ ಹೋಗುತ್ತದೆ. ಹತ್ತುವಾಗ ಬೋಗಿಯ ಮೇಲಿನ ಬೋರ್ಡ್‌ನಲ್ಲಿ ನಿಮ್ಮ ಊರಿನ ಹೆಸರಿದೆಯೇ ನೋಡಿಕೊಳ್ಳಿ.

ಮೊದಲ ಟ್ರಿಪ್‌ಗೆ ಯಾವ ಊರು ಅಂದರೆ ನಾನು ಹ್ಯಾಂಬರ್ಗ್ ಅನ್ನುತ್ತೇನೆ. ಬರ್ಲಿನ್ ಎರಡು ದಿನಕ್ಕೆ ಮುಗಿಯುವ ಊರಲ್ಲ. ಹ್ಯಾನೋವರ್ ಕಡೆಯಿಂದ ರೀಜನಲ್ ರೈಲಿನಲ್ಲಿ ಹೋಗುವವರು ಉಲ್ಟ್ಸೆನ್‌ನಲ್ಲಿ ಇಳಿದು ಬದಲಿಸುತ್ತಾರೆ. ಬಣ್ಣದ ಕಂಬಗಳ ಆ ಸ್ಟೇಷನ್ ಆಸ್ಟ್ರಿಯಾದ ಕಲಾವಿದ ಹುಂಡರ್ಟ್‌ವಾಸರ್ ಅವರ ವಿನ್ಯಾಸ. ಕನೆಕ್ಷನ್ ತಪ್ಪಿದರೂ ನೋಡಲು ಏನೋ ಒಂದಿದೆ.

ಹ್ಯಾಂಬರ್ಗ್‌ನಲ್ಲಿ ದುಡ್ಡು ಕೊಟ್ಟು ಬಂದರಿನ ಟೂರ್ ಬೋಟ್ ಹತ್ತುವ ಮೊದಲು ಲಾಂಡುಂಗ್ಸ್‌ಬ್ರೂಕೆನ್ ಅನ್ನುವ ದೋಣಿಕಟ್ಟೆಯಿಂದ ಹೊರಡುವ 62ನೇ ನಂಬರ್ ಫೆರ್ರಿ ಹತ್ತಿ. ಅದು ಸಿಟಿ ಬಸ್ ಇದ್ದ ಹಾಗೆ, ನಿಮ್ಮ ಡಾಯ್ಚ್‌ಲಾಂಡ್ ಟಿಕೆಟ್ ಸಾಕು. ಮೇಲಿನ ಡೆಕ್‌ನಲ್ಲಿ ಗಾಳಿ ಕಿವಿಗೆ ಹೊಡೆಯುತ್ತದೆ, ಟೋಪಿ ಬಿಗಿಯಾಗಿ ಹಾಕಿಕೊಳ್ಳಿ. ಎಲ್ಬೆ ನದಿಯ ಆಚೆ ದಡದಲ್ಲಿ ಕ್ರೇನುಗಳು, ಕಂಟೇನರ್ ರಾಶಿ. ಫಿಂಕನ್‌ವೆರ್ಡರ್‌ವರೆಗೆ ಹೋಗಿ ವಾಪಸ್ ಬನ್ನಿ. ಆಮೇಲೆ ಅಲ್ಲೇ ಪಕ್ಕದ ಹಳೆ ಎಲ್ಬೆ ಸುರಂಗ. 1911ರಲ್ಲಿ ತೆರೆದದ್ದು, 426 ಮೀಟರ್ ಉದ್ದ, ನಡೆದು ಹೋಗುವವರಿಗೆ ಫ್ರೀ. ನದಿಯ ಕೆಳಗೆ ನಡೆದು ಆಚೆ ದಡದಲ್ಲಿ ಹತ್ತಿದರೆ ಇಡೀ ಊರು ಎದುರಿಗೆ ಕಾಣುತ್ತದೆ. ಗ್ರೂಪ್ ಫೋಟೋ ಅಲ್ಲಿ ತೆಗೆಯಿರಿ. ಸಂಜೆಗೆ ಶ್ಪೈಕರ್‌ಶ್ಟಾಟ್, ಕಾಲುವೆಗಳ ನಡುವಿನ ಕೆಂಪು ಇಟ್ಟಿಗೆಯ ಗೋದಾಮುಗಳ ಸಾಲು. 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಲ್ಲಿನ ಪುಟ್ಟ ರೈಲು, ಊರುಗಳ ಮಾದರಿಗಳ ಪ್ರದರ್ಶನ ಮಿನಿಯೇಚರ್ ವುಂಡರ್‌ಲಾಂಡ್‌ಗೆ ಹೋಗುವುದಾದರೆ ಮುಂಚೆಯೇ ಬುಕ್ ಮಾಡಿ.

ಭಾನುವಾರ ಬೆಳಿಗ್ಗೆ ಮೀನಿನ ಮಾರ್ಕೆಟ್. 1703ರಿಂದ ನಡೆದು ಬಂದಿದೆ. ಬೇಸಿಗೆಯಲ್ಲಿ 5ಕ್ಕೆ, ಚಳಿಗಾಲದಲ್ಲಿ 7ಕ್ಕೆ ಶುರು, 9:30ಕ್ಕೆ ಮುಗಿಯಿತು. ಸಸ್ಯಾಹಾರಿಗಳೂ ಹೋಗಬಹುದು, ಬುಟ್ಟಿಗಟ್ಟಲೆ ಹಣ್ಣು ಇಟ್ಟುಕೊಂಡು ಕೂಗಿ ಕೂಗಿ ಮಾರುತ್ತಾರೆ. ಬೇಗ ಏಳಲು ಆಗದವರು ಮಲಗಲಿ ಬಿಡಿ, ಎಳೆದುಕೊಂಡು ಹೋಗಬೇಡಿ. ಎಲ್ಲರೂ ಎಲ್ಲಾ ಕಡೆ ಜೊತೆಗೇ ಇರಬೇಕು ಅನ್ನುವ ನಿಯಮ ಬೇಡ. ಇಂಥ ಕಡೆ ಇಷ್ಟು ಗಂಟೆಗೆ ಸೇರೋಣ ಅಂತ ಹೇಳಿಕೊಂಡರೆ ಸಾಕು.

ಭಾನುವಾರ ಊರಿನ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ನೀರು, ಬ್ರೆಡ್ ಶನಿವಾರವೇ ತೆಗೆದುಕೊಳ್ಳಿ. ದೊಡ್ಡ ರೈಲ್ವೆ ಸ್ಟೇಷನ್‌ನ ಒಳಗಿನ ಅಂಗಡಿಗಳು ಸಾಮಾನ್ಯವಾಗಿ ತೆರೆದಿರುತ್ತವೆ. ಮನೆಯಿಂದ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋದರೆ ಒಂದು ಹೊತ್ತಿನ ಖರ್ಚು ಉಳಿಯುತ್ತದೆ. ಹಾಸ್ಟೆಲ್ ಲಾಕರ್‌ಗೆ ಒಂದು ಬೀಗ, ಒಂದು ಟವೆಲ್, ಒಂದು ರೇನ್‌ಕೋಟ್ ಬ್ಯಾಗ್‌ನಲ್ಲಿರಲಿ.

ಗಡಿಯಾಚೆಯ ಪ್ರಾಗ್, ಸಾಲ್ಸ್‌ಬರ್ಗ್ ನೋಡುವ ಆಸೆ ಇದ್ದರೆ ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್ ಎರಡೂ ಇಟ್ಟುಕೊಳ್ಳಿ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲಾ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿದೆ, ರೈಲಿನೊಳಗೂ ಪೊಲೀಸರು ಬರುತ್ತಾರೆ. ವೀಸಾ ಮುಗಿದು ಕಾರ್ಡ್ ಇನ್ನೂ ಬಂದಿಲ್ಲ, ಕೈಯಲ್ಲಿ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಅನ್ನುವ ತಾತ್ಕಾಲಿಕ ಕಾಗದ ಮಾತ್ರ ಇದೆ ಅನ್ನುವವರು ಅದನ್ನು ಕೊಟ್ಟ ಆಫೀಸ್‌ನಲ್ಲಿ ಕೇಳದೆ ಗಡಿ ದಾಟಲೇಬೇಡಿ. ಗೆಳೆಯರು "ಏನೂ ಆಗಲ್ಲ ಬಾ" ಅಂದರೂ ಬೇಡ. ಸ್ವಿಟ್ಜರ್ಲೆಂಡ್ ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳ ಗುಂಪಿನಲ್ಲಿದೆ, ಆದರೆ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ. ಅಲ್ಲಿ ನಿಮ್ಮ ಸಿಮ್‌ಗೆ ರೋಮಿಂಗ್ ಚಾರ್ಜ್ ಬೀಳಬಹುದು, ಮೊದಲೇ ನೋಡಿಕೊಳ್ಳಿ.

ವಾಪಸ್ ಬರಲು ಭಾನುವಾರ ರಾತ್ರಿಯ ಕೊನೆಯ ರೈಲನ್ನು ನಂಬಬೇಡಿ. ಹಳಿ ಕೆಲಸ ಇದ್ದರೆ ಅರ್ಧ ದಾರಿ ಬಸ್‌ನಲ್ಲಿ ಕಳಿಸುತ್ತಾರೆ, ಅಲ್ಲಿಗೆ ಮುಂದಿನ ರೈಲು ತಪ್ಪಿತು ಅಂತಲೇ. ಆ್ಯಪ್‌ನಲ್ಲಿ ಬೆಳಿಗ್ಗೆಯೇ ಇನ್ನೊಮ್ಮೆ ನೋಡಿ, ಮಧ್ಯಾಹ್ನ ನಾಲ್ಕರ ಸುಮಾರಿಗೆ ಹೊರಡಿ. ರೀಜನಲ್ ರೈಲಿನಲ್ಲಿ ಸೀಟ್ ಬುಕ್ ಮಾಡಲು ಆಗುವುದಿಲ್ಲ, ಪ್ಲಾಟ್‌ಫಾರ್ಮ್‌ಗೆ ಕಾಲು ಗಂಟೆ ಮುಂಚೆ ಬಂದರೆ ಐವರಿಗೂ ಒಂದೇ ಕಡೆ ಜಾಗ ಸಿಗುವ ಸಾಧ್ಯತೆ ಜಾಸ್ತಿ.