ಎಂಜಿನ್ ಫ್ಲಶ್: ಬಾಟಲಿ ಸುರಿಯುವ ಮುನ್ನ ಆಯಿಲ್ ಮುಚ್ಚಳ ತೆಗೆದು ನೋಡಿ

ಆಯುಧ ಪೂಜೆ ಹತ್ತಿರ ಬಂತೆಂದರೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ವಾಟರ್ ಸರ್ವಿಸ್‌ಗಳ ಮುಂದೆ ಗಾಡಿಗಳ ಸಾಲು. ಮಳೆಗಾಲದ ಕೆಸರು ತೊಳೆದು ಬಾನೆಟ್‌ಗೆ ಹಾರ ಹಾಕುತ್ತೇವೆ. ಅದೇ ಮಳೆಗಾಲ ಎಂಜಿನ್ ಒಳಗೆ ಏನು ಬಿಟ್ಟುಹೋಗಿದೆ ಎಂದು ನೋಡಲೂ ಇದೇ ಸರಿಯಾದ ಹೊತ್ತು. ಆ ಕೊಳೆ ಬಿಡಿಸಲು ಹಳೆಯ ಆಯಿಲ್‌ಗೆ ಸುರಿದು, ಆಮೇಲೆ ಅದರ ಜೊತೆಗೇ ಬಸಿದುಬಿಡುವ ದ್ರಾವಕವೇ ಎಂಜಿನ್ ಫ್ಲಶ್.

ನಮ್ಮಲ್ಲಿ ತೋಟದ ಮನೆಯಿಂದ ಪೇಟೆಗೆ ಅನೇಕರಿಗೆ ನಾಲ್ಕೈದು ಕಿಲೋಮೀಟರ್ ಅಷ್ಟೇ. ಚಳಿ ಮಳೆಯಲ್ಲಿ ಎಂಜಿನ್ ಪೂರ್ತಿ ಕಾಯುವ ಮೊದಲೇ ಪೇಟೆ ಬಂದಿರುತ್ತದೆ. ಇಂಧನ ಉರಿದಾಗ ನೀರಾವಿಯೂ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ನೀರು ಆವಿಯಾಗಿ ಹೋಗುತ್ತದೆ. ಕಾಯದಿದ್ದರೆ ಅಲ್ಲೇ ಉಳಿದು, ಮಸಿಯೊಂದಿಗೆ ಬೆರೆತು ಮಡ್ಡಿಯಾಗುತ್ತದೆ. ಸಂಪಾಜೆ ಘಾಟಿ ಇಳಿದು ಹತ್ತುವ ಕಾರಿಗಿಂತ, ಮನೆಯಿಂದ ಪೇಟೆವರೆಗೆ ಮಾತ್ರ ಓಡುವ ಕಾರಿನ ಎಂಜಿನ್ ಬೇಗ ಹೊಲಸಾಗುವುದು ಇದರಿಂದಲೇ.

ಮೊದಲು ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆಯಿರಿ. ಒಳಮೈಯಲ್ಲಿ ಹಾಲಿನ ಕೆನೆಯಂಥ ಬಿಳಿ ಪದರ ಇದ್ದು, ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ, ಅಂದರೆ ಡಿಪ್‌ಸ್ಟಿಕ್‌ನಲ್ಲಿ, ಆಯಿಲ್ ಸಹಜವಾಗಿದ್ದರೆ ಅದು ಹೆಚ್ಚಾಗಿ ತೇವದ ಕೆಲಸ. ಮಡಿಕೇರಿಯವರು ವಾರಕ್ಕೊಮ್ಮೆ ಕುಶಾಲನಗರದವರೆಗೆ ಹೋಗಿ ಬಂದರೆ ಸಾಕು, ಬಾಟಲಿಯೇ ಬೇಡವಾಗಬಹುದು. ಡಿಪ್‌ಸ್ಟಿಕ್‌ನಲ್ಲೂ ಆಯಿಲ್ ಹಾಲುಬೆರೆಸಿದ ಕಾಫಿಯಂತಿದ್ದು, ಎಂಜಿನ್ ತಂಪಾಗಿಡುವ ಕೂಲೆಂಟ್ ದ್ರವ ಕಡಿಮೆಯಾಗುತ್ತಿದ್ದರೆ, ಅದು ಆಯಿಲ್‌ಗೆ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಏನನ್ನೂ ಸುರಿಯಬೇಡಿ, ಗಾಡಿ ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ.

ಮೂರನೆಯ ಸ್ಥಿತಿಯೇ ಅಪಾಯದ್ದು: ಮುಚ್ಚಳದ ಕೆಳಗೆ ಗಟ್ಟಿಯಾಗಿ ಕಟ್ಟಿಕೊಂಡ ಕಪ್ಪು ಮಡ್ಡಿ. ವರ್ಷಗಟ್ಟಲೆ ಆಯಿಲ್ ಬದಲಿಸದ ನಮ್ಮ ನೆಂಟರೊಬ್ಬರ ಜೀಪಿಗೆ ಗ್ಯಾರೇಜೊಂದರಲ್ಲಿ ಫ್ಲಶ್ ಸುರಿದರು. ಎರಡೇ ದಿನದಲ್ಲಿ, ತೋಟದ ಏರು ಹತ್ತುವಾಗ ಆಯಿಲ್ ಲೈಟ್ ಹತ್ತಿಕೊಂಡಿತು. ಎಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಚೇಂಬರ್, ಬಿಚ್ಚಿ ನೋಡಿದರೆ, ಕಳಚಿಬಂದ ಮಡ್ಡಿಯ ಚೂರುಗಳು ಆಯಿಲ್ ಸೋಸುವ ಸ್ಟ್ರೈನರ್‌ಗೆ ಜಾಲರಿ ಕಾಣದಂತೆ ಮೆತ್ತಿಕೊಂಡಿದ್ದವು. ಪಂಪ್‌ಗೆ ಆಯಿಲ್ ಎಳೆಯಲು ದಾರಿಯೇ ಇರಲಿಲ್ಲ. ಇಂಥ ಎಂಜಿನ್‌ಗೆ ಚೇಂಬರ್ ಇಳಿಸಿ ಕೈಯಿಂದ ತೊಳೆಸುವುದು, ಆಮೇಲೆ ಒಂದೆರಡು ಸಲ ಬೇಗ ಬೇಗ ಆಯಿಲ್ ಬದಲಿಸುವುದು ಕ್ಷೇಮ. ಟರ್ಬೊ ಇರುವ ಡೀಸೆಲ್ ಗಾಡಿಯಲ್ಲಿ ಇನ್ನೂ ಎಚ್ಚರ ಬೇಕು, ಟರ್ಬೊಗೆ ಆಯಿಲ್ ಹೋಗುವ ನಳಿಕೆ ತೀರಾ ಸಣ್ಣದು.

ಸಾಧಾರಣ ಹೊಲಸಿರುವ, ಸರ್ವಿಸ್ ತಪ್ಪದ ಗಾಡಿಗೆ ಫ್ಲಶ್ ಹಾಕಬಹುದು. ಅದಕ್ಕೂ ಮೊದಲು ಗಾಡಿಯ ಕೈಪಿಡಿ ನೋಡಿ, ಕೆಲವು ಕಂಪನಿಗಳು ಫ್ಲಶ್ ಬೇಡ ಎನ್ನುತ್ತವೆ. ವಾರಂಟಿ ಇರುವವರಿಗೆ ಇದು ಮುಖ್ಯ.

ಅಂಗಡಿಯಲ್ಲಿ ಸಿಗುವ ಬಾಟಲಿಗಳಲ್ಲಿ ಒಂದು ಆಯಿಲ್‌ಗೆ ಹಾಕುವ ಫ್ಲಶ್, ಇನ್ನೊಂದು ಇಂಧನದ ಟ್ಯಾಂಕ್‌ಗೆ ಹಾಕುವ, ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳ ಕ್ಲೀನರ್. ಎರಡೂ ಹಾಕುವುದಾದರೆ ಟ್ಯಾಂಕ್‌ನದ್ದು ಮೊದಲು. ಅದರಲ್ಲಿ ಉರಿಯದೆ ಉಳಿದ ರಾಸಾಯನಿಕ ತುಸು ಆಯಿಲ್‌ಗೂ ಇಳಿಯುತ್ತದೆ. ಹಳೆಯ ಆಯಿಲ್ ಜೊತೆ ಅದೂ ಹೊರಹೋಗಲಿ. ಪೆಟ್ರೋಲ್ ಗಾಡಿಗೆ ಪಾಲಿಈಥರ್‌ಅಮೈನ್, ಅಂದರೆ ಪಿಇಎ, ಇರುವ ಇಂಜೆಕ್ಟರ್ ಕ್ಲೀನರ್ ಒಳ್ಳೆಯದು. ಬಿಸಿಯಲ್ಲಿ ಗಟ್ಟಿಯಾದ ಮಸಿಯನ್ನು ಅದು ಬಿಡಿಸುತ್ತದೆ. ಬಂಕ್‌ನಲ್ಲಿ ಬಾಟಲಿ ಮೊದಲು ಸುರಿದು ಮೇಲೆ ಇಂಧನ ತುಂಬಿಸಿ, ಚೆನ್ನಾಗಿ ಬೆರೆಯುತ್ತದೆ. ಎಷ್ಟು ಲೀಟರ್‌ಗೆ ಎಷ್ಟು ಎಂಬುದು ಲೇಬಲ್‌ನಲ್ಲಿದೆ, ಅದಕ್ಕಿಂತ ಹೆಚ್ಚು ಹಾಕಬೇಡಿ. ಆ ಟ್ಯಾಂಕ್ ದೂರದ ಓಡಾಟದಲ್ಲಿ ಖಾಲಿಯಾಗಲಿ. ಡೀಸೆಲ್‌ಗೆ ಡೀಸೆಲ್‌ನದ್ದೇ ಬೇಕು. 2020ರ ಏಪ್ರಿಲ್‌ನಲ್ಲಿ ಜಾರಿಯಾದ ಬಿಎಸ್ 6 ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಇರುತ್ತದೆ. ಅದಕ್ಕೆ ಹೊಂದುತ್ತದೆ ಎಂದು ಬರೆದಿರುವುದನ್ನೇ ಕೊಳ್ಳಿ. ಪೆಟ್ರೋಲನ್ನು ನೇರವಾಗಿ ಸಿಲಿಂಡರ್ ಒಳಗೆ ಚಿಮ್ಮಿಸುವ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್‌ಗೆ ಇಂಧನ ತಾಗುವುದೇ ಇಲ್ಲ, ಆದ್ದರಿಂದ ಅಲ್ಲಿನ ಮಸಿ ಈ ಬಾಟಲಿಗೆ ಬಗ್ಗದು.

ಟ್ಯಾಂಕ್ ಮುಗಿದ ಮೇಲೆ ಆಯಿಲ್ ಬದಲಿಸುವ ದಿನ ಫ್ಲಶ್. ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಆಫ್ ಮಾಡಿ. ನಮ್ಮ ಅಂಗಳಗಳಲ್ಲಿ ತುಸುವಾದರೂ ಇಳಿಜಾರು ಇರುವುದರಿಂದ ಹ್ಯಾಂಡ್‌ಬ್ರೇಕ್ ಜೊತೆ ಚಕ್ರಕ್ಕೆ ಕಲ್ಲನ್ನೂ ಇಡಿ. ಫ್ಲಶ್ ಅನ್ನು ಹಳೆಯ ಆಯಿಲ್‌ಗೇ ಸುರಿದು ಸ್ಟಾರ್ಟ್ ಮಾಡಿ, ಲೇಬಲ್ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 10ರಿಂದ 15 ನಿಮಿಷ, ನಿಂತಲ್ಲೇ ಐಡಲ್‌ನಲ್ಲಿ ಬಿಡಿ. ಆಕ್ಸಿಲರೇಟರ್ ಒತ್ತಬೇಡಿ, ಗಾಡಿಯನ್ನಂತೂ ಓಡಿಸಲೇಬೇಡಿ. ಫ್ಲಶ್ ಬೆರೆತ ಆಯಿಲ್ ತೆಳ್ಳಗಾಗಿರುತ್ತದೆ, ಭಾರ ಬಿದ್ದರೆ ಬೇರಿಂಗ್ ಸವೆಯುತ್ತದೆ. ಮುಚ್ಚಿದ ಶೆಡ್‌ನೊಳಗೆ ಇದನ್ನು ಮಾಡಬಾರದು, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ.

ಆಫ್ ಮಾಡಿ, ಬಿಸಿ ಇರುವಾಗಲೇ ಕೈಗವಸು ಹಾಕಿಕೊಂಡು ಡ್ರೈನ್ ಬೋಲ್ಟ್ ಬಿಚ್ಚಿ. ಧಾರೆ ನಿಂತ ಮೇಲೂ ಸ್ವಲ್ಪ ಹೊತ್ತು ಹನಿಯಲು ಬಿಡಿ. ಫಿಲ್ಟರ್ ಹೊಸದೇ ಬೇಕು. ಹಳೆಯದರಲ್ಲಿ ಕೊಳೆಯೂ ಫ್ಲಶ್ಸೂ ಉಳಿದಿರುತ್ತವೆ. ಬೋಲ್ಟ್‌ಗೆ ಹೊಸ ವಾಷರ್ ಹಾಕಿ, ಕೈಪಿಡಿಯಲ್ಲಿರುವ ದರ್ಜೆಯ ಆಯಿಲ್ ತುಂಬಿಸಿ, ಒಂದೆರಡು ನಿಮಿಷ ಚಾಲೂ ಮಾಡಿ, ಆಫ್ ಮಾಡಿ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ನೋಡಿ. ಕೆಳಗೆ ಸೋರಿಕೆ ಇದೆಯೇ ಎಂದು ಬಗ್ಗಿ ನೋಡುವುದೂ ಕೆಲಸದ ಭಾಗವೇ.

ಬಸಿದ ಆಯಿಲ್ ಅನ್ನು ಹಳೆಯ ಕ್ಯಾನ್‌ಗೆ ತುಂಬಿ ಬಿಗಿಯಾಗಿ ಮುಚ್ಚಿ. ಬೇಲಿ ಗೂಟಕ್ಕೆ ಬಳಿಯುವ, ಗೆದ್ದಲಿಗೆಂದು ಬುಡಕ್ಕೆ ಸುರಿಯುವ ರೂಢಿ ಕೆಲವೆಡೆ ಇದೆ. ಈ ಆಯಿಲ್‌ನಲ್ಲಿ ಸವೆದ ಲೋಹದ ಕಣಗಳ ಜೊತೆ ಫ್ಲಶ್‌ನ ದ್ರಾವಕವೂ ಇದೆ. ಮಳೆ ಬಂದರೆ ಅದು ತೋಡಿಗೆ, ತೋಡಿನಿಂದ ಕಾವೇರಿಗೆ. ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಕ್ಯಾನನ್ನು ಗ್ಯಾರೇಜ್‌ಗೆ ಒಯ್ದು, ಪರವಾನಗಿ ಇರುವ ಸಂಸ್ಕರಣೆಯವರಿಗೆ ಕೊಡುತ್ತಾರೆಯೇ ಎಂದು ಕೇಳಿಯೇ ಒಪ್ಪಿಸಿ.