ಹೊರಟದ್ದು ಬೇರೆ, ಹೊರಟ ರೀತಿ ಬೇರೆ

ದಾವಣಗೆರೆಯ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಕೆಲಸವೂ ನನ್ನದೇ. ‘ಅಫ್ಗಾನಿಸ್ತಾನದಿಂದ ಅಮೆರಿಕ ಸೇನೆ ವಾಪಸಾದದ್ದು ಸರಿ’ ಎಂಬ ವಿಷಯ ಬಂದಾಗ ಒಂದು ವಾರದ ತಾಲೀಮು ಸಾಕು ಎಂದುಕೊಂಡಿದ್ದೆ. ಪರ ಇಬ್ಬರು, ವಿರೋಧ ಇಬ್ಬರು. ಮೊದಲ ಸಂಜೆಯೇ ಗೊತ್ತಾಯಿತು, ನಾಲ್ವರೂ ಒಂದೇ ವಿಷಯದ ಮೇಲೆ ಮಾತಾಡುತ್ತಿಲ್ಲ.

ಪರ ತಂಡದವರು ‘ಇಪ್ಪತ್ತು ವರ್ಷ ಆಯ್ತು, ಇನ್ನೆಷ್ಟು ದಿನ’ ಎನ್ನುತ್ತಿದ್ದರು. ವಿರೋಧದವರು ಕಾಬೂಲ್ ವಿಮಾನ ನಿಲ್ದಾಣದಲ್ಲಿ ವಿಮಾನಕ್ಕೆ ಜೋತುಬಿದ್ದವರ ದೃಶ್ಯವನ್ನೇ ಹೇಳುತ್ತಿದ್ದರು. ಒಬ್ಬರು ಹೊರಟದ್ದರ ಬಗ್ಗೆ, ಇನ್ನೊಬ್ಬರು ಹೊರಟ ರೀತಿಯ ಬಗ್ಗೆ. ಚಿತ್ರದುರ್ಗದ ಕಡೆಯ ಹುಡುಗನೊಬ್ಬ ಒನಕೆ ಓಬವ್ವನನ್ನೇ ತಂದು ನಿಲ್ಲಿಸಿದ: ಅವಳು ಕಿಂಡಿ ಬಿಟ್ಟು ಹೋಗಲಿಲ್ಲ, ಇವರು ಹೋದರು ಅಂತ. ಅವನ ಅಭಿಮಾನ ನನಗೆ ಅರ್ಥವಾಗುತ್ತದೆ, ಆ ಕೋಟೆಯ ನೆರಳಲ್ಲಿ ಬೆಳೆದವನು. ಆದರೆ ಓಬವ್ವ ಕಾದದ್ದು ತನ್ನ ಕೋಟೆಯನ್ನು. ಇಲ್ಲಿ ಕಾವಲಿಗಿದ್ದವನು ಪರದೇಶದವನು. “ಕಿಂಡಿ ಯಾರದು ಅಂತ ಮೊದಲು ಕೇಳಿಕೋ” ಅಂದೆ.

ಮರುದಿನ ಭಾಷಣ ಬರೆಯುವುದನ್ನೇ ನಿಲ್ಲಿಸಿದೆ. ಬೋರ್ಡಿನ ಮೇಲೆ ಬರೀ ದಿನಾಂಕಗಳು. 2001ರ ಅಕ್ಟೋಬರ್ 7ಕ್ಕೆ ಯುದ್ಧ ಶುರು. 2011ರ ಮೇ ತಿಂಗಳಲ್ಲಿ ಬಿನ್ ಲಾಡೆನ್ ಹತನಾದ, ಅದೂ ಪಾಕಿಸ್ತಾನದ ಅಬೊಟ್ಟಾಬಾದಿನಲ್ಲಿ. 2020ರ ಫೆಬ್ರವರಿ 29ಕ್ಕೆ ಕತಾರಿನ ದೋಹಾದಲ್ಲಿ ಒಪ್ಪಂದ. 2021ರ ಆಗಸ್ಟ್ 15ಕ್ಕೆ ಕಾಬೂಲ್ ತಾಲಿಬಾನ್ ಕೈಗೆ. ಆಗಸ್ಟ್ 30ರ ರಾತ್ರಿ ಕೊನೆಯ ಅಮೆರಿಕನ್ ವಿಮಾನ. ಒಂದೊಂದು ದಿನಾಂಕದ ಎದುರೂ ಒಂದೇ ಪ್ರಶ್ನೆ ಬರೆಸಿದೆ: ಆವತ್ತು ಮಾತುಕತೆಗೆ ಕೂತವರು ಯಾರು?

ದೋಹಾ ಬಂದಾಗ ಕ್ಲಾಸಿನಲ್ಲಿ ಸದ್ದು ನಿಂತಿತು. ಸಹಿ ಹಾಕಿದ್ದು ಅಮೆರಿಕ ಮತ್ತು ತಾಲಿಬಾನ್. ಕಾಬೂಲ್ ಸರ್ಕಾರ ಅಲ್ಲಿ ಇರಲೇ ಇಲ್ಲ. ಆದರೂ ಆ ಸರ್ಕಾರದ ಜೈಲುಗಳಲ್ಲಿದ್ದ 5,000 ತಾಲಿಬಾನ್ ಕೈದಿಗಳನ್ನು ಬಿಡುಗಡೆ ಮಾಡುವ ಮಾತು ಒಪ್ಪಂದದಲ್ಲಿತ್ತು. 14 ತಿಂಗಳೊಳಗೆ ವಿದೇಶಿ ಸೈನ್ಯವೆಲ್ಲ ಹೊರಗೆ. “ಮನೆ ಯಜಮಾನನ್ನ ಬಿಟ್ಟು ಮನೆ ವ್ಯವಹಾರ ಮುಗಿಸಿದಂಗೆ ಆಯ್ತಲ್ಲ ಸರ್” ಎಂದಳು ಹರಿಹರದಿಂದ ಬರುವ ಹುಡುಗಿ. ನಮ್ಮ ಚರ್ಚೆ ನಿಜಕ್ಕೂ ಶುರುವಾದದ್ದು ಅಲ್ಲಿಂದ.

ಎರಡೂ ತಂಡಗಳ ವಾದ ಬದಲಾಯಿತು. ಪರ ತಂಡಕ್ಕೆ ‘ಇಪ್ಪತ್ತು ವರ್ಷ ಸಾಕು’ ಎಂಬುದಕ್ಕಿಂತ ಗಟ್ಟಿಯಾದ ಮಾತು ಸಿಕ್ಕಿತು. ಬೈಡನ್ ಅಧಿಕಾರಕ್ಕೆ ಬಂದಾಗ ಅಲ್ಲಿ ಉಳಿದಿದ್ದ ಅಮೆರಿಕನ್ ಸೈನಿಕರು ಸುಮಾರು 2,500. ಒಪ್ಪಂದ ಮುರಿದು ಉಳಿದರೆ ತಾಲಿಬಾನ್ ಮತ್ತೆ ಅವರ ಮೇಲೆ ಬೀಳುತ್ತದೆ, ಆಗ ಇನ್ನಷ್ಟು ಸೈನಿಕರನ್ನು ಕಳಿಸಬೇಕಾಗುತ್ತದೆ. ಇದ್ದಷ್ಟೇ ಜನ, ಇದ್ದಷ್ಟೇ ಶಾಂತಿ ಎಂಬ ದಾರಿ 2021ಕ್ಕೆ ಉಳಿದಿರಲಿಲ್ಲ.

ವಿರೋಧ ತಂಡದವರಿಗೆ ನಾನು ತೋರಿಸಿದ್ದು ವಿಮಾನ ನಿಲ್ದಾಣವನ್ನಲ್ಲ, ವಿಮಾನ ರಿಪೇರಿಯನ್ನು. ಅಫ್ಗಾನ್ ವಾಯುಪಡೆಯ ವಿಮಾನ, ಹೆಲಿಕಾಪ್ಟರ್‌ಗಳ ದುರಸ್ತಿ ಬಹುಪಾಲು ವಿದೇಶಿ ಗುತ್ತಿಗೆದಾರರ ಕೈಯಲ್ಲಿತ್ತು. ಸೈನ್ಯದ ಜೊತೆ ಅವರೂ ಹೊರಟರು. ದೂರದ ಠಾಣೆಗಳಿಗೆ ಗುಂಡು, ಊಟ ಹೋಗಬೇಕಾದದ್ದು, ಗಾಯಗೊಂಡವರು ಆಸ್ಪತ್ರೆಗೆ ಬರಬೇಕಾದದ್ದು ಆಕಾಶದಿಂದಲೇ. ಅದು ನಿಂತ ಮೇಲೆ ಠಾಣೆಯಲ್ಲಿ ಕೂತವನಿಗೆ ಧೈರ್ಯ ಹೇಳುವವರು ಯಾರು? ಸೋವಿಯತ್ ಸೇನೆ 1989ರ ಫೆಬ್ರವರಿ 15ಕ್ಕೆ ಇದೇ ದೇಶದಿಂದ ಹೊರಟಿತ್ತು. ಅವರು ಬಿಟ್ಟುಹೋದ ನಜೀಬುಲ್ಲಾ ಸರ್ಕಾರ 1992ರ ಏಪ್ರಿಲ್‌ವರೆಗೆ ನಿಂತಿತು, ಏಕೆಂದರೆ ಹಣ, ಇಂಧನ, ಶಸ್ತ್ರ ಬರುತ್ತಲೇ ಇತ್ತು. ಬಿದ್ದದ್ದು ಸೋವಿಯತ್ ಒಕ್ಕೂಟವೇ ಇಲ್ಲವಾದ ಮೇಲೆ. ಇದನ್ನು ಓದಿದ ದಿನ ನನಗೇ ನಿದ್ದೆ ಬರಲಿಲ್ಲ. ಸೇನೆ ಹೊರಟ ಮೇಲೂ ಮೂರು ವರ್ಷ ನಿಂತ ಸರ್ಕಾರಕ್ಕೂ, ಸೇನೆ ಪೂರ್ತಿ ಹೊರಡುವ ಮೊದಲೇ ಬಿದ್ದ ಸರ್ಕಾರಕ್ಕೂ ನಡುವಿನ ವ್ಯತ್ಯಾಸ ಅದು.

ನಮ್ಮ ಓಣಿಯಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ, ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿ ಲಾರಿ ಓಡಿಸಿದವರು. ಒಂದು ಸಂಜೆ ಅವರನ್ನು ತಾಲೀಮಿಗೆ ಕರೆದೆ. ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದೆವು. ಅವರು ಕೈಗೆ ತೆಗೆದುಕೊಂಡರು, ಆದರೆ ನಾಲ್ವರ ಮಾತು ಮುಗಿಯುವವರೆಗೆ ತಿನ್ನಲಿಲ್ಲ.

“ಅಮೆರಿಕದೋರು ಎಷ್ಟು ಜನ ಸತ್ರು ಅಂತ ನಾಲ್ಕೂ ಜನ ಹೇಳಿದ್ರಿ. ಅವರ ಜೊತೆಗೆ ನಿಂತ ಆ ದೇಶದ ಹುಡುಗ್ರು?”

ಯಾರ ಹಾಳೆಯಲ್ಲೂ ಇರಲಿಲ್ಲ. ನಾನೂ ಕೇಳಿರಲಿಲ್ಲ. ಅಮೆರಿಕದ ಸೈನಿಕರು 2,400ಕ್ಕೂ ಹೆಚ್ಚು. ಅಫ್ಗಾನ್ ಸೈನಿಕರು ಮತ್ತು ಪೊಲೀಸರು 66 ಸಾವಿರದ ಆಸುಪಾಸು ಎಂಬ ಅಂದಾಜು ಆಮೇಲೆ ಹುಡುಕಿದಾಗ ಸಿಕ್ಕಿತು.

“ನಾವೂ ಅಲ್ಲಿ ತಮಿಳು ಹುಡುಗ್ರಿಗೆ ಬಂದೂಕು ಕೊಟ್ಟು ಪಡೆ ಕಟ್ಟಿದ್ವಿ ತಮ್ಮಾ. ನಾವು ಹಡಗು ಹತ್ತಿದ್ವಿ. ಅವರು ಎಲ್ಲಿ ಹತ್ತಬೇಕು?”

ಹುಡುಗಿ ಕೇಳಿದಳು: “ಹಾಗಾದ್ರೆ ವಾಪಸ್ ಬಂದಿದ್ದು ತಪ್ಪಾ ಅಜ್ಜಾ?”

“ಇಲ್ಲವ್ವಾ. ಬಂದಿದ್ದು ಸರಿ. ಇನ್ನೂ ಎಷ್ಟು ಜನ ಸಾಯ್ತಿದ್ರೋ. ಆದ್ರ ಆ ಹುಡುಗ್ರನ್ನ ಯಾರೂ ಕೇಳ್ಲಿಲ್ಲ.”

1987ರ ಜುಲೈನಲ್ಲಿ ಆದ ಭಾರತ-ಶ್ರೀಲಂಕಾ ಒಪ್ಪಂದದಿಂದ 1990ರ ಮಾರ್ಚ್ 24ರವರೆಗೆ ನಮ್ಮ ಪಡೆ ಅಲ್ಲಿತ್ತು. ಸುಮಾರು 1,200 ಯೋಧರು ತೀರಿಕೊಂಡರು. ನಾವು ಕಟ್ಟಿದ ಆ ಪಡೆ ಎಲ್‌ಟಿಟಿಇ ಎದುರು ಪುಡಿಯಾಯಿತು. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದೆಂದು ಆ ದುರ್ಗದ ಹುಡುಗನೇ ಕಂಡುಹಿಡಿದ: ಅಲ್ಲಿ ‘ಹೊರಡಿ’ ಎಂದದ್ದು ಅಧ್ಯಕ್ಷ ಪ್ರೇಮದಾಸ, ಆ ದೇಶದವರೇ. ಕಾಬೂಲ್ ಸರ್ಕಾರ ಹಾಗೆ ಕೇಳಿರಲಿಲ್ಲ. ನನಗೆ ಅದು ಓಬವ್ವನ ಮಾತಿಗಿಂತ ಹೆಚ್ಚು ಸಂತೋಷ ಕೊಟ್ಟಿತು.

ನನ್ನ ನಿಲುವನ್ನು ಮಕ್ಕಳು ಕೇಳಿದರು, ಮುಚ್ಚಿಡಲಿಲ್ಲ. ಹೊರಡಲೇಬೇಕಿತ್ತು. ತಪ್ಪಾದದ್ದು ಕಾಬೂಲ್ ವಿಮಾನ ನಿಲ್ದಾಣದಲ್ಲಲ್ಲ, ಒಂದೂವರೆ ವರ್ಷ ಮೊದಲು ದೋಹಾದಲ್ಲಿ.

ಹರಿಹರದ ಹುಡುಗಿ ಪರ ತಂಡದಲ್ಲಿದ್ದಳು. ಸ್ಪರ್ಧೆಯ ಹಿಂದಿನ ದಿನ ಬಂದು, ‘ಅಲ್ಲಿ ಹುಡುಗಿಯರ ಕಾಲೇಜು ಮುಚ್ಚಿಸಿದ್ದಾರೆ, ನಾನು ಹೇಗೆ ಪರ ಮಾತಾಡಲಿ’ ಎಂದು ಕಣ್ಣೀರು ಹಾಕಿದಳು. ಬದಲಿಸಿಕೊಡಬಹುದಿತ್ತು. “ಅದನ್ನೇ ಮೊದಲ ಮಾತಾಗಿ ಹೇಳು” ಅಂದೆ. ಅವಳು ವೇದಿಕೆ ಮೇಲೆ ಶುರು ಮಾಡಿದ್ದು ಹೀಗೆ: “ನಾನು ಈ ವಾದ ಗೆದ್ದರೂ ಕಾಬೂಲಿನಲ್ಲಿ ನನ್ನ ವಯಸ್ಸಿನವಳು ನಾಳೆ ಕಾಲೇಜಿಗೆ ಹೋಗುವುದಿಲ್ಲ. 2022ರ ಡಿಸೆಂಬರಿನಿಂದ ಅವಳಿಗೆ ಆ ಬಾಗಿಲು ಮುಚ್ಚಿದೆ. ಇದನ್ನು ಮರೆಸಿ ನಿಮ್ಮಿಂದ ಅಂಕ ಕೇಳುವುದಿಲ್ಲ.” ಆಮೇಲೆ ಐದು ನಿಮಿಷ, ಹೊರಡುವುದು ಏಕೆ ಅನಿವಾರ್ಯವಾಗಿತ್ತು ಎಂದು ಒಂದೊಂದೇ ದಿನಾಂಕ ಹಿಡಿದು ಹೇಳಿದಳು.

ತೀರ್ಪುಗಾರರೊಬ್ಬರು ‘ಸ್ವಂತ ಪಕ್ಷಕ್ಕೆ ವಿರುದ್ಧವಾಗಿ ಮಾತು’ ಎಂದು ಅವಳ ಅಂಕ ಕಳೆದರು. ಇಳಿದು ಹೋಗಿ ಕೇಳಿದೆ. ನಿಯಮ ತೋರಿಸಿದರು. ನಿಯಮವನ್ನು ನಾನು ಒಪ್ಪಿದೆ, ತೀರ್ಪನ್ನು ಇವತ್ತಿಗೂ ಒಪ್ಪಿಲ್ಲ. ಹವಾಲ್ದಾರರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಬಹುಮಾನ ಹೇಳುವ ಮೊದಲೇ ಎದ್ದು ಬಂದು ಅವಳ ಕೈಯಲ್ಲಿದ್ದ ಹಾಳೆ ಕೇಳಿ ಪಡೆದು, ಮಡಚಿ ಜೇಬಿಗಿಟ್ಟುಕೊಂಡರು.