ಮುರಕಲ್ಲಿನ ಪದವಿನಲ್ಲಿ ಕಾರ್ಖಾನೆಯ ಮಳೆನೀರು

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಸೀತಾಂಗೋಳಿ, ಅನಂತಪುರದಂಥ ಕಡೆ ಕಾರ್ಖಾನೆ ಪದವಿನ, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಎತ್ತರದ ಬಯಲಿನ ಮೇಲೆ. ಅಡಕೆ ತೋಟ, ಬಾವಿ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ಕೆಳಗೆ. ಗೇಟು ದಾಟಿದ ನೀರು ಯಾರದ್ದಾದರೂ ಬಾವಿಯ ಕಡೆಗೇ ಹೋಗುತ್ತದೆ.

ಆದ್ದರಿಂದ ಗುದ್ದಲಿ ಹಿಡಿಯುವ ಮೊದಲು ನೀರನ್ನು ಎರಡು ಪಾಲು ಮಾಡಿ: ಮಾಡಿನ (ಛಾವಣಿಯ) ನೀರು ಬೇರೆ, ಲಾರಿ ಓಡಾಡುವ ಯಾರ್ಡಿನ ನೀರು ಬೇರೆ. ಎರಡೂ ಒಮ್ಮೆ ಬೆರೆತರೆ ಪೂರ್ತಿ ನೀರು ಕೊಳಕು ನೀರೇ.

ಲೆಕ್ಕ ಸುಲಭ. ಹೆಕ್ಟೇರನ್ನು ಗಂಟೆಗೆ ಬೀಳುವ ಮಿ.ಮೀ. ಮಳೆಯಿಂದ ಗುಣಿಸಿ, ಮಾಡಿಗೂ ಕಾಂಕ್ರೀಟಿಗೂ 0.9ರಿಂದ (ಇಂಗದೆ ಹರಿದುಹೋಗುವ ಪಾಲು) ಮತ್ತೆ ಗುಣಿಸಿ, 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. ಗಂಟೆಗೆ 100 ಮಿ.ಮೀ. ರಭಸದ ಮಳೆಗೆ 4 ಹೆಕ್ಟೇರಿನಿಂದ 1 ಘನ ಮೀಟರ್. ದಿನದ ಮಳೆಯನ್ನು 24ರಿಂದ ಭಾಗಿಸಿ ಚರಂಡಿ ಕಟ್ಟಿಸುವವರಿದ್ದಾರೆ. ಅಂಥ ಚರಂಡಿ ಮೊದಲ ಜೋರು ಮಳೆಗೇ ಉಕ್ಕುತ್ತದೆ. 1 ಮೀಟರ್ ಅಗಲ, 80 ಸೆಂ.ಮೀ. ಆಳದ ಕಾಂಕ್ರೀಟ್ ಚರಂಡಿಗೆ 200ಕ್ಕೆ 1ರ ಇಳಿಜಾರು ಕೊಟ್ಟರೆ, 60 ಸೆಂ.ಮೀ. ತುಂಬಿ ಹರಿಯುವಾಗ ಸುಮಾರು 1.1 ಘನ ಮೀಟರ್ ಸಾಗಿಸುತ್ತದೆ. ಅದೇ ಅಳತೆಯನ್ನು ಗಾರೆ ಮಾಡದ ಮುರಕಲ್ಲಿನಲ್ಲಿ ಕಟ್ಟಿದರೆ 0.7ರಷ್ಟೇ. ಲಾರಿ ದಾಟುವಲ್ಲಿ ಮಾತ್ರ ಜಾಲರಿ ಹಾಕಿ. ಉದ್ದಕ್ಕೂ ಸ್ಲಾಬ್ ಮುಚ್ಚಿದ ಚರಂಡಿಯ ಹೂಳನ್ನು ಯಾರೂ ತೆಗೆಯುವುದಿಲ್ಲ.

ಇನ್ನು ಕೆಸರು. ಮಣ್ಣಿನ ಕಣ 20 ಮೈಕ್ರಾನ್ (ಮಿ.ಮೀ.ನ ಐವತ್ತನೇ ಒಂದು ಪಾಲು) ಇದ್ದರೆ ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 0.36 ಮಿ.ಮೀ. ಇಳಿಯುತ್ತದೆ. 1 ಹೆಕ್ಟೇರ್ ಯಾರ್ಡಿನಿಂದ ಸೆಕೆಂಡಿಗೆ 0.25 ಘನ ಮೀಟರ್ ಬಂದರೆ, ಅದನ್ನು ಈ ಇಳಿಯುವ ವೇಗದಿಂದ ಭಾಗಿಸಿ, ಕೆಸರು ಟ್ಯಾಂಕಿಗೆ ಸುಮಾರು 700 ಚದರ ಮೀಟರ್ ಹರವು ಬೇಕು, ಅಂದರೆ ಸುಮಾರು 56 ಮೀಟರ್ ಉದ್ದ, 12.5 ಮೀಟರ್ ಅಗಲ. ಉಳಿದ 3 ಹೆಕ್ಟೇರಿನ ಮಾಡಿನ ನೀರನ್ನೂ ಇದಕ್ಕೇ ಬಿಟ್ಟರೆ 2,800 ಚದರ ಮೀಟರ್! ಆಳ ಹೆಚ್ಚಿಸಿದರೆ ಹೂಳಿಗೆ ಜಾಗ ಸಿಗುತ್ತದೆ, ಕಣ ಬೇಗ ಕೂರುವುದಿಲ್ಲ. ನೀರು ಒಳಬರುವ ಬಾಯಿಯೂ ಹೊರಹೋಗುವ ಬಾಯಿಯೂ ಉದ್ದದ ಎರಡು ತುದಿಗಳಲ್ಲೇ ಇರಲಿ.

ಮುರಕಲ್ಲಿನ ಅಡಿಯಲ್ಲಿರುವ ಮೆತ್ತನೆಯ ಜೇಡಿಯಾದ ಶೇಡಿಮಣ್ಣಿನ ಮುಂದೆ ಮಾತ್ರ ಯಾವ ಟ್ಯಾಂಕಿನ ಆಟವೂ ನಡೆಯದು. ಜಾಗ ಸಮತಟ್ಟು ಮಾಡುವಾಗ ಜೆಸಿಬಿ ಗಟ್ಟಿ ಮುರಕಲ್ಲನ್ನು ಕಿತ್ತು ಅಡಿಯ ಶೇಡಿಯನ್ನು ತೆರೆದಿಟ್ಟರೆ, ಮಳೆಗೆ ಬಿಳಿ, ಕೆಂಪು ನೀರು ತೋಡಿಗೆ (ಹಳ್ಳಕ್ಕೆ) ಇಳಿಯುತ್ತಲೇ ಇರುತ್ತದೆ. 2 ಮೈಕ್ರಾನಿನ ಜೇಡಿ ಕಣ ಒಂದು ಮೀಟರ್ ಕೆಳಗಿಳಿಯಲು ಮೂರು ದಿನಕ್ಕೂ ಹೆಚ್ಚು ಬೇಕು, ಅಷ್ಟರಲ್ಲಿ ಮತ್ತೆಷ್ಟೋ ಮಳೆ. ಹಾಗಾಗಿ ಅಷ್ಟು ಆಳ ಕಡಿಯಬೇಡಿ. ಈಗಾಗಲೇ ಕಡಿದಿದ್ದರೆ ದರೆಯ (ಕಡಿದ ಮಣ್ಣಿನ ಗೋಡೆಯ) ಮೇಲ್ತುದಿಯಲ್ಲಿ ನೀರು ಅಡ್ಡಹಿಡಿಯುವ ಕಣಿ ತೋಡಿ, ದರೆಗೆ ತೆಂಗಿನ ನಾರಿನ ಬಲೆ ಹಾಸಿ, ಲಾವಂಚ ನೆಡಿ. ಇದು ಮೇ ತಿಂಗಳ ಮೊದಲೇ ಆಗಬೇಕು, ಬೇರು ಹಿಡಿಯದ ಗಿಡ ಮಳೆಗೆ ಕೊಚ್ಚಿಹೋಗುತ್ತದೆ.

ಇಂಗುಗುಂಡಿಗೆ ಮಾಡಿನ ನೀರನ್ನು ಮಾತ್ರ ಬಿಡಿ. ಮುರಕಲ್ಲಿನ ತೂತುಗಳಲ್ಲಿ ನೀರು ಸೋಸಿಕೊಳ್ಳದೆ ಓಡುತ್ತದೆ. ಯಾರ್ಡಿನ ಡೀಸೆಲ್ ಅದೇ ದಾರಿಯಲ್ಲಿ ಬಾವಿ ಸೇರುತ್ತದೆ. ದರೆಯ ಅಂಚಿಗೂ ಸುರಂಗದ ನೆತ್ತಿಗೂ ಗುಂಡಿ ಬೇಡ. ಇಂಗಿದ ನೀರು ಶೇಡಿಯನ್ನು ಒಳಗೊಳಗೇ ಕೊರೆದು ಟೊಳ್ಳು ಮಾಡಿದರೆ ಮೇಲಿನ ನೆಲ ಕುಸಿಯುತ್ತದೆ.

ಎಣ್ಣೆ ತೇಲುವುದರಿಂದ ಕೆಸರು ಟ್ಯಾಂಕಿನ ಹೊರಬಾಯಿಗೆ ‘T’ ಆಕಾರದ ಟೀ ಪೈಪ್ ಹಾಕಿ, ನೀರಿನ ಮಟ್ಟದಿಂದ 30 ಸೆಂ.ಮೀ. ಕೆಳಗಿನಿಂದ ನೀರು ಎಳೆಯಲಿ. ಡೀಸೆಲ್ ಟ್ಯಾಂಕಿನ ಸುತ್ತಲಿನ ತಡೆಗೋಡೆಯೊಳಗೆ ಟ್ಯಾಂಕಿನ ಶೇ. 110ರಷ್ಟು ಹಿಡಿಯಬೇಕು. ಅದಕ್ಕೆ ಶೀಟಿನ ಮಾಡು ಇಲ್ಲದಿದ್ದರೆ ಮಳೆನೀರೇ ಆ ಜಾಗ ತುಂಬುತ್ತದೆ. ಬೇಸತ್ತ ಕೆಲಸದವರು ಆ ನೀರು ಹೊರಬಿಡುವ ವಾಲ್ವ್ ತೆರೆದೇ ಇಡುತ್ತಾರೆ, ಗೋಡೆ ಇದ್ದೂ ಪ್ರಯೋಜನವಿಲ್ಲ. ಮಾಡು ಹಾಕಿಸಿ, ವಾಲ್ವಿಗೆ ಬೀಗ ಹಾಕಿ.

ಹೊರಬಾಯಿಯಲ್ಲಿ ನೀರಿನ ವೇಗ ಸೆಕೆಂಡಿಗೆ 2 ಮೀಟರ್ ಹತ್ತಿರ ಇರುತ್ತದೆ. ಮಣ್ಣಿನ ತೋಡು ಅದನ್ನು ತಾಳದು. ಮೆಟ್ಟಿಲು ಕಟ್ಟಿ ಇಳಿಸಿ, ಕೆಳಗೆ ಜಲ್ಲಿಯ ಪದರ ಹಾಸಿ ಅದರ ಮೇಲೆ 20–30 ಸೆಂ.ಮೀ. ಗಾತ್ರದ ಕಲ್ಲನ್ನು ಅರ್ಧ ಮೀಟರ್ ದಪ್ಪಕ್ಕೆ ಹರಡಿ. ಜಲ್ಲಿ ಇಲ್ಲದೆ ಕಲ್ಲು ಸುರಿದರೆ ಅಡಿಯ ಮಣ್ಣು ಹೋಗಿ ಕಲ್ಲು ಕುಸಿಯುತ್ತದೆ. ನೀರಿನ ಮಾದರಿಯನ್ನು ತೋಡಿಗೆ ಬೆರೆಯುವ ಮೊದಲೇ ಹಿಡಿಯಿರಿ. ಕಾರ್ಖಾನೆಯ ನೀರನ್ನು ತೋಡು, ಹೊಳೆಗೆ ಬಿಡಲು ದೇಶದ ಸಾಮಾನ್ಯ ಮಿತಿ: ತೇಲುಕಣ ಲೀಟರಿಗೆ 100 ಮಿ.ಗ್ರಾಂ., ಎಣ್ಣೆ 10 ಮಿ.ಗ್ರಾಂ., ಪಿಎಚ್ 5.5ರಿಂದ 9.

ಪತ್ತನಾಜೆಯ (ಮೇ ಕೊನೆಯ ವಾರದ ಆಸುಪಾಸಿನ ತುಳು ಆಚರಣೆ) ಮೊದಲು ಹೂಳು ತೆಗೆಸಿ. ತೆಗೆದದ್ದನ್ನು ಚರಂಡಿಯ ಅಂಚಿನಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೇ ವಾಪಸು ಬರುತ್ತದೆ. ಆಟಿಯಲ್ಲಿ (ಜುಲೈ–ಆಗಸ್ಟ್) ಮಳೆ ಬಿಟ್ಟು ಹೊಳವಾದಾಗ ಮತ್ತೊಮ್ಮೆ ಅಳೆದು ನೋಡಿ. ಮೂರನೇ ಒಂದು ಪಾಲು ತುಂಬಿದ್ದರೆ ಕಾಯದೆ ತೆಗೆಸಿ. ಒಣ ದಿನಗಳ ನಂತರದ ಮೊದಲ 15 ಮಿ.ಮೀ. ಮಳೆಯಲ್ಲೇ ಯಾರ್ಡಿನ ಎಣ್ಣೆ, ಧೂಳು ಹೆಚ್ಚಾಗಿ ಬರುವುದು. 1 ಹೆಕ್ಟೇರಿಗೆ ಇದು 150 ಘನ ಮೀಟರ್; ಅಷ್ಟು ಹಿಡಿಯುವ ಬೇರೊಂದು ಟ್ಯಾಂಕು ಇರಲಿ. ಅಕ್ಟೋಬರಿನ ಗುಡುಗು ಮಳೆಗೆ ಮುಂಚೆ ಅದನ್ನು ಮತ್ತೆ ಖಾಲಿ ಮಾಡಿಡಿ.